ಐವತ್ತು ಸಾವಿರ ಮುಳ್ಳು

ಬೇಲಿ ಹಾಕುವುದು ದನಕ್ಕೆ ಎಂದು ತಿಳಿದವರು ದನ ಸಾಕಿದವರಲ್ಲ. ಸಾಕಿದವರಿಗೆ ಗೊತ್ತು, ಬೇಲಿ ಹಾಕುವುದು ಪಕ್ಕದ ಮನೆಯವರ ಬಾಯಿಗೆ. ‘ನಿಮ್ಮ ಹಸು ನಮ್ಮ ಬಾಳೆ ಮುರಿದಿದೆ’ ಎಂದು ಅವರು ಅಂಗಳಕ್ಕೆ ಬಂದು ನಿಂತಾಗ, ‘ನಾವು ಬೇಲಿ ಗಟ್ಟಿ ಮಾಡಿದ್ದೇವಲ್ಲ, ನೀವು ಮಾಡಿದ್ದೀರಾ?’ ಎಂದು ಕೇಳುವ ಧೈರ್ಯ ನಮಗೆ ಬೇಕು. ಆ ಒಂದು ಪ್ರಶ್ನೆಗಾಗಿ ಮಲೆನಾಡಿನ ರೈತ ಮುಳ್ಳು ಕಡಿದ, ಅಗಳ ತೋಡಿದ, ಗೂಟ ಹೂಳಿದ, ಕೊನೆಗೆ ಸೊಸೈಟಿ ಸಾಲದಲ್ಲಿ ಕಲ್ಲುಕಂಬ ನೆಟ್ಟು ಮುಳ್ಳುತಂತಿ ಎಳೆಸಿದ. ಹಸು ಮಾತ್ರ ಈ ಎಲ್ಲ ಯುಗಗಳಲ್ಲೂ ತಾನು ಹೋಗಬೇಕೆಂದುಕೊಂಡ ಕಡೆಗೆ ಹೋಗಿ, ಹಾಲು ಕರೆಯುವ ಹೊತ್ತಿಗೆ ಸರಿಯಾಗಿ ಕೊಟ್ಟಿಗೆಗೆ ಬಂದು ನಿಂತಿದೆ.

ಸಾಗರದ ಕಡೆಯ ನಮ್ಮೂರಿಗೆ ಮುಳ್ಳುತಂತಿ ಬರುವ ಮೊದಲು ಬೇಲಿಯೂ ಒಂದು ಬೆಳೆಯೇ ಆಗಿತ್ತು. ಗೂಟಕ್ಕೆಂದು ನೆಟ್ಟ ಹಾಲವಾಣ ಚಿಗುರುತ್ತಿತ್ತು, ಕಾಡುಹರಳು ಚಿಗುರುತ್ತಿತ್ತು. ನಡುವೆ ಲಕ್ಕಿ, ದಾಸವಾಳ, ಆಡುಸೋಗೆ. ಸಂದು ಕಂಡಲ್ಲಿ ಸೀಗೆಮುಳ್ಳೋ ಬಿದಿರುಮುಳ್ಳೋ ತುರುಕಿದರಾಯಿತು. ಇದರ ಮೇಲೆ ತೊಂಡೆ, ಹಾಗಲ ಹಬ್ಬುತ್ತಿದ್ದವು. ದೇವರಿಗೆ ಹೂವು ಬೇಲಿಯಿಂದ, ಮಧ್ಯಾಹ್ನದ ಪಲ್ಯ ಬೇಲಿಯಿಂದ, ಕೆಮ್ಮಿಗೆ ಆಡುಸೋಗೆ ಕಷಾಯ ಬೇಲಿಯಿಂದ, ಬಾಣಂತಿಯ ಸ್ನಾನಕ್ಕೆ ಲಕ್ಕಿ ಸೊಪ್ಪು ಬೇಲಿಯಿಂದ. ಮಕ್ಕಳಾದ ನಮಗೆ ಬೇಕಾಗಿದ್ದದ್ದು ಕಾಡುಹರಳಿನ ತೊಟ್ಟು ಮುರಿದರೆ ಒಸರುವ ಹಾಲು. ಮುರಿದ ತೊಟ್ಟನ್ನು ಪೂರಾ ಬಿಡಿಸದೆ ತುಸು ಅಗಲಿಸಿದರೆ ನಡುವೆ ತೆಳ್ಳಗೆ ಪೊರೆ ನಿಲ್ಲುತ್ತದೆ; ಅದಕ್ಕೆ ಮೆಲ್ಲಗೆ ಊದಬೇಕು. ಕಾಮನಬಿಲ್ಲಿನ ಬಣ್ಣದ ಗುಳ್ಳೆಗಳು ಒಂದರ ಹಿಂದೊಂದು ತೇಲಿಹೋಗುತ್ತಿದ್ದವು. ಅಂಗಿಗೆ ಬಿದ್ದ ಕಲೆ ಮಾತ್ರ ಅಂಗಿ ಹರಿಯುವ ತನಕ ಹೋಗುತ್ತಿರಲಿಲ್ಲ. ಬೇಲಿಗೂಟದ ಮೇಲೆ ಕೂತ ಓತಿಕೇತ ತಲೆ ಆಡಿಸಿ ಆಡಿಸಿ ಇದಕ್ಕೆಲ್ಲ ಒಪ್ಪಿಗೆ ಕೊಡುತ್ತಿತ್ತು.

ಈ ಬೇಲಿಗೆ ಇನ್ನೊಂದು ಗುಣವಿತ್ತು. ಅದು ನಡೆಯುತ್ತಿತ್ತು. ಮಳೆಗಾಲ ಮುಗಿದ ಮೇಲೆ ಕೊಳೆತ ಗೂಟ ಕಿತ್ತು ಹೊಸತು ಹೂಳುವಾಗ ಅದು ಹಳೆಯ ಗುಂಡಿಗೇ ಬಿದ್ದ ಉದಾಹರಣೆ ನಮ್ಮೂರಿನಲ್ಲಿಲ್ಲ. ಗೇಣಾದರೂ ಆಚೆಗೆ ಬೀಳಬೇಕು. ನಮಗೂ ಕೆಳಮನೆಯವರಿಗೂ ನಡುವಿನ ಬೇಲಿಯನ್ನು ಒಂದು ವರ್ಷ ನಾವು ಕಟ್ಟಿದರೆ ಮರುವರ್ಷ ಅವರು ಕಟ್ಟಬೇಕೆಂಬುದು ಅಜ್ಜಂದಿರ ಕಾಲದ ಕರಾರು. ನಾವು ಕಟ್ಟಿದ ವರ್ಷ ಅದು ಅವರ ಕಡೆಗೆ ಗೇಣು ಸರಿಯುತ್ತಿತ್ತು, ಅವರು ಕಟ್ಟಿದ ವರ್ಷ ನಮ್ಮ ಕಡೆಗೆ. ಹೀಗೆ ಹೋಗಿ ಬಂದು, ಹೋಗಿ ಬಂದು, ಎರಡು ತಲೆಮಾರು ಕಳೆದರೂ ಬೇಲಿ ಇದ್ದಲ್ಲೇ ಇತ್ತು. ಇಷ್ಟು ಅಗ್ಗದ ನ್ಯಾಯ ಯಾವ ಕೋರ್ಟಿನಲ್ಲೂ ಸಿಗುವುದಿಲ್ಲ.

ಗಿಡದ ಬೇಲಿಯನ್ನು ನಂಬಿದವರು ನಾವಷ್ಟೇ ಅಲ್ಲ. ಸುಂಕ ಕೊಡದೆ ಯಾರೂ ಉಪ್ಪು ಸಾಗಿಸಬಾರದೆಂದು ಬ್ರಿಟಿಷರು ದೇಶದ ನಡುವೆಯೇ ಒಂದು ಸುಂಕದ ಗಡಿ ಎಳೆದಿದ್ದರು. 1869ರ ಹೊತ್ತಿಗೆ ಅದು ಸಿಂಧೂ ನದಿಯಿಂದ ಮಹಾನದಿಯವರೆಗೆ 2,300 ಮೈಲಿ ಚಾಚಿತ್ತು. ಕಾಯಲು ಹತ್ತಿರಹತ್ತಿರ 12,000 ಜನ. ಮಣ್ಣು ಇದ್ದಲ್ಲೆಲ್ಲ ಜಾಲಿ, ಬೋರೆ, ಕವಳಿ, ಕಳ್ಳಿ ನೆಟ್ಟು ಆಳೆತ್ತರಕ್ಕೂ ಮೀರಿದ ಬೇಲಿ ಬೆಳೆಸಿದರು. ಒಣಮುಳ್ಳು ಗೆದ್ದಲಿಗೆ ಹೋಗುತ್ತದೆ, ಜೀವಂತ ಗಿಡವೇ ಆಗಬೇಕು ಎಂದು ಪಟ್ಟುಹಿಡಿದು ಆ ಕೆಲಸ ಮಾಡಿಸಿದ ಸುಂಕದ ಕಮಿಷನರ್ ಎ.ಒ. ಹ್ಯೂಮ್. 1879ರಲ್ಲಿ ಸರ್ಕಾರವೇ ಬೇಸತ್ತು ಆ ಗಡಿಯನ್ನು ಬಿಟ್ಟಿತು. 1885ರಲ್ಲಿ ಇದೇ ಹ್ಯೂಮ್ ಕಾಂಗ್ರೆಸ್ ಕಟ್ಟಲು ಮುಂದೆ ನಿಂತರು. ಬೇಲಿ ಕಟ್ಟಿ ಅನುಭವ ಇದ್ದವರಿಗೇ ಅದನ್ನು ಹಾರುವುದು ಹೇಗೆಂದು ಹೇಳಿಕೊಡಲು ಬರುವುದು.

ನಮ್ಮ ಮನೆಯ ಗೌರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮಲೆನಾಡು ಗಿಡ್ಡ ತಳಿ, ಕೆಂದ ಮೈ, ಎತ್ತರ ದೊಡ್ಡವರ ಸೊಂಟದಷ್ಟು. ಬೆಳಗ್ಗೆ ಒಂದು ಸೇರು ಹಾಲು ಕೊಡುವುದನ್ನು ಅದು ತನ್ನ ಔದಾರ್ಯವೆಂದೇ ತಿಳಿದಿತ್ತು. ಎಮ್ಮೆ ಬೇಲಿಯನ್ನು ಮುರಿದು ಹೋಗುತ್ತದೆ, ಆಡು ಹಾರಿ ಹೋಗುತ್ತದೆ. ಗೌರಿ ಬಿಚ್ಚಿ ಹೋಗುತ್ತಿತ್ತು. ಬೇಲಿಯ ಕಂಡಿಗೆ ಗಳು ಅಡ್ಡ ಹಾಕಿದ ದಣಪೆಯ ಮುಂದೆ ನಿಂತು, ತನಗೂ ಅದಕ್ಕೂ ಸಂಬಂಧವಿಲ್ಲವೆಂದು ತೋರಿಸಲು ಎತ್ತಲೋ ನೋಡುತ್ತ ಮೆಲುಕು ಹಾಕುತ್ತಿತ್ತು. ನಾವು ಬೆನ್ನು ತಿರುಗಿಸಿದ ಮೇಲೆ ಮೇಲಿನ ಗಳುವನ್ನು ಕೊಂಬಿನಿಂದ ಮೀಟಿ ಒಂದು ಬದಿಗೆ ಜಾರಿಸಿ, ಎರಡನೆಯದನ್ನು ಮೂತಿಯಿಂದ ತಳ್ಳಿ, ಮೂರನೆಯದನ್ನು ದಾಟಿಕೊಂಡು ಹೋಗುತ್ತಿತ್ತು. ಹೋದ ಮೇಲೆ ಗಳು ಮತ್ತೆ ಹಾಕಿಡುವುದೊಂದು ಅದಕ್ಕೆ ಬರುತ್ತಿರಲಿಲ್ಲ.

ಆಮೇಲೆ ಕೆಳಮನೆ ಮಾವ ಬರುತ್ತಿದ್ದರು. ಅವರು ಅಪ್ಪಯ್ಯನಿಗೆ ಭಾವ, ಅಪ್ಪಯ್ಯ ಅವರಿಗೆ ಭಾವ. ಯಾವ ಕಡೆಯಿಂದ ಸಂಬಂಧ ಎಂದು ಇಬ್ಬರೂ ಹುಡುಕಲು ಹೋಗಿರಲಿಲ್ಲ.

‘ಎಂತ ಭಾವ, ನಿಮ್ಮ ಗೌರಿ ನನ್ನ ಬಾಳೆ ತಿಂದ್ರೆ ನಾ ಎಂತ ತಿನ್ಲಿ?’

‘ಕೂತ್ಕಳಿ ಭಾವ, ಕವಳ ಹಾಕಿ.’

‘ಕವಳ ಹಾಕ್ತೆ. ನಾಳೆ ಬಂದ್ರೆ ಮಾತ್ರ ದೊಡ್ಡಿಗೆ ಹೊಡೆಸೂದೇ.’

ಪರರ ಬೆಳೆ ಮೇಯ್ದ ದನವನ್ನು ದೊಡ್ಡಿಗೆ ಹೊಡೆದು, ದಂಡ ಮತ್ತು ಮೇವಿನ ಖರ್ಚು ಕಟ್ಟಿಸಿಕೊಂಡು ಬಿಡಬೇಕೆಂಬ ಕಾನೂನು 1871ರಷ್ಟು ಹಿಂದೆಯೇ ಬಂದಿತ್ತು. ಊರಿನಲ್ಲಿ ದೊಡ್ಡಿಯ ಗೋಡೆ ಅರ್ಧ ಬಿದ್ದು ಅದರ ಬಾಗಿಲಿನ ಮರ ಯಾರದೋ ಬಚ್ಚಲ ಒಲೆ ಸೇರಿ ಕಾಲವಾಗಿದ್ದರೂ ಮಾವನ ಬಾಯಲ್ಲಿ ಆ ದೊಡ್ಡಿ ಗಟ್ಟಿಯಾಗಿ ನಿಂತಿತ್ತು. ಅಪ್ಪಯ್ಯ ಗೌರಿಯ ಕೊರಳಿಗೆ ಮರದ ಕೊರಡು ಕಟ್ಟಿದರು. ಅದು ಮುಂಗಾಲಿಗೆ ಬಡಿದು ಹಸುವಿಗೆ ಓಡಲು ಆಗಬಾರದೆಂಬ ಲೆಕ್ಕ. ಗೌರಿ ಓಡುವುದನ್ನು ಬಿಟ್ಟು ನಿಧಾನವಾಗಿ ನಡೆದುಹೋಗಿ ಮೇಯತೊಡಗಿತು. ಆಮೇಲೆ ಬೇಲಿಯ ಸಂದಿನಲ್ಲಿ ತಲೆ ತೂರಬಾರದೆಂದು ಕೊರಡನ್ನು ಅಡ್ಡಲಾಗಿ ಕಟ್ಟಿದರು. ಅದು ಆ ಕೊರಡನ್ನೇ ಮೀಟುಗೋಲು ಮಾಡಿಕೊಂಡು ಎರಡು ಗೂಟ ಕಿತ್ತಿತು.

ಮುಳ್ಳುತಂತಿ ಹುಟ್ಟಿದ್ದೂ ಇಂಥದೇ ಒಂದು ಕೊರಡಿನಿಂದ ಎಂದು ಬಹಳ ವರ್ಷಗಳ ಮೇಲೆ ಓದಿದಾಗ ನನಗೆ ಗೌರಿಯ ಮೇಲಿನ ಗೌರವ ಹೆಚ್ಚಿತು. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಹೆನ್ರಿ ರೋಸ್ ಎಂಬ ರೈತನಿಗೂ ಒಂದು ಕಳ್ಳಹಸು ಇತ್ತಂತೆ. ಅವನು ಮೊಳೆ ಹೊಡೆದ ಹಲಗೆಯೊಂದನ್ನು ಹಸುವಿನ ತಲೆಗೇ ಕಟ್ಟಿದ. ಬೇಲಿಗೆ ತಲೆ ಒತ್ತಿದರೆ ಮೊಳೆ ಅದಕ್ಕೇ ಚುಚ್ಚಬೇಕು. ಹಲಗೆಯನ್ನು ಹಸುವಿಗೆ ಕಟ್ಟುವ ಬದಲು ಬೇಲಿಗೇ ಕಟ್ಟಿದರಾಯಿತಲ್ಲ ಎಂದು ಆಮೇಲೆ ಹೊಳೆಯಿತು. 1873ರಲ್ಲಿ ಡಿಕಾಲ್ಬ್‌ನ ಕೃಷಿ ಮೇಳಕ್ಕೆ ಅದನ್ನು ಹೊತ್ತುಕೊಂಡು ಹೋದ. ನೋಡಿದವರಲ್ಲಿ ಜೋಸೆಫ್ ಗ್ಲಿಡನ್ ಎಂಬ ರೈತ, ಐಸಾಕ್ ಎಲ್‌ವುಡ್ ಎಂಬ ಕಬ್ಬಿಣದಂಗಡಿಯವ, ಜೇಕಬ್ ಹೈಶ್ ಎಂಬ ಮರದ ವ್ಯಾಪಾರಿ, ಈ ಮೂವರಿಗೂ ಒಟ್ಟಿಗೇ ತಲೆಯೊಳಗೆ ಮೊಳೆ ನಾಟಿತು. ಗ್ಲಿಡನ್ ಕಾಫಿಬೀಜ ಬೀಸುವ ಯಂತ್ರವನ್ನು ತಂದು ಅದರಲ್ಲಿ ತಂತಿಯ ತುಂಡುಗಳನ್ನು ಸುತ್ತಿ ಮುಳ್ಳು ಮಾಡಿದ. ಮುಳ್ಳು ಜಾರಿಹೋಗದಿರಲು ಎರಡು ಎಳೆ ತಂತಿಯನ್ನು ಹೊಸೆದು ನಡುವೆ ಬಿಗಿದ. 1874ರ ನವೆಂಬರ್ 24ರಂದು ಅವನಿಗೆ ಪೇಟೆಂಟ್ ಸಿಕ್ಕಿತು. ನಮ್ಮ ಮನೆಯಲ್ಲೂ ಕಾಫಿ ಬೀಸುವ ಯಂತ್ರ ಇತ್ತು. ಅದರಿಂದ ಬಂದದ್ದು ಕಾಫಿಪುಡಿ ಮಾತ್ರ.

ಮುಳ್ಳು ಮೊದಲು ಯಾರದು ಎಂಬ ವ್ಯಾಜ್ಯ ನಡೆದು ನಡೆದು 1892ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ಗ್ಲಿಡನ್ ಕಡೆಗೆ ತೀರ್ಮಾನವಾಯಿತು. ಅಷ್ಟು ಹೊತ್ತಿಗೆ ತಂತಿ ಎಲ್ಲಿಂದ ಎಲ್ಲಿಗೋ ಹೋಗಿತ್ತು. 1874ರಲ್ಲಿ 10,000 ಪೌಂಡ್ ತಯಾರಾಗಿದ್ದದ್ದು 1880ರಲ್ಲಿ 8 ಕೋಟಿ ಪೌಂಡಿಗೆ ಮುಟ್ಟಿತ್ತು. ಜಾನ್ ಗೇಟ್ಸ್ ಎಂಬ ಮಾತಿನಮಲ್ಲ 1876ರಲ್ಲಿ ಸ್ಯಾನ್ ಆಂಟೋನಿಯೋ ಊರಿನ ಚೌಕದಲ್ಲೇ ಮುಳ್ಳುತಂತಿ ಬಿಗಿದು, ಅದರೊಳಗೆ ಉದ್ದಕೊಂಬಿನ ಟೆಕ್ಸಸ್ ದನಗಳನ್ನು ನುಗ್ಗಿಸಿ, ಒಂದೂ ಹೊರಗೆ ಬರಲಿಲ್ಲವೆಂದು ಜನರಿಗೆ ತೋರಿಸಿ ಆರ್ಡರ್ ಹಿಡಿದನೆಂದು ಹೇಳುತ್ತಾರೆ. ಇರಬಹುದು. ಆ ಮಂದೆಯಲ್ಲಿ ಗೌರಿ ಇರಲಿಲ್ಲ ಎಂಬುದನ್ನು ಮರೆಯಬಾರದು.

ಬೇಲಿ ಕಾಣದಿದ್ದ ಆ ಬಯಲಿನಲ್ಲಿ ಉಳ್ಳವರು ಮೈಲಿಗಟ್ಟಲೆ ತಂತಿ ಎಳೆದು ದಾರಿ, ನೀರು ಎಲ್ಲವನ್ನೂ ಒಳಗೆ ಹಾಕಿಕೊಂಡರು. 1883ರಲ್ಲಿ ಬರ ಬಂತು. ನೀರು ಸಿಗದ ದನಗಾಹಿಗಳು ರಾತ್ರಿ ಇಕ್ಕಳ ಹಿಡಿದು ಹೊರಟರು. ಬೇಲಿ ಕತ್ತರಿಸಿದರು, ಗುಂಡು ಹಾರಿತು, ಹೆಣ ಬಿತ್ತು. 1884ರಲ್ಲಿ ಟೆಕ್ಸಸ್ ಸರ್ಕಾರ ಬೇಲಿ ಕತ್ತರಿಸುವವರಿಗೆ ಜೈಲು ಎಂದು ಕಾನೂನು ಮಾಡಿತು. ಅದರ ಜೊತೆಯಲ್ಲೇ ಇನ್ನೊಂದು ಮಾತೂ ಸೇರಿಸಿತು: ಬೇಲಿ ಹಾಕಿದವರು ಮೂರು ಮೈಲಿಗೊಂದು ಗೇಟು ಬಿಡಬೇಕು. ನನಗೆ ಆ ಇಡೀ ಇತಿಹಾಸದಲ್ಲಿ ಹಿಡಿಸಿದ್ದು ಈ ಗೇಟಿನ ಮಾತು. ಅಷ್ಟು ಜಗಳವಾಗಿ, ಅಷ್ಟು ಜನ ಸತ್ತು, ಕೊನೆಗೆ ಸಿಕ್ಕ ತೀರ್ಪು ನಮ್ಮ ದಣಪೆಯೇ.

ನಮ್ಮೂರಿಗೆ ತಂತಿ ಬಂದದ್ದು ಹದ್ದುಬಸ್ತಿನ ಬೆನ್ನಿಗೆ. ಎರಡು ಮನೆಯ ಮಕ್ಕಳೂ ಓದಿ ದೊಡ್ಡವರಾಗುತ್ತಿದ್ದರು, ಪಾಲುಪಟ್ಟಿಯ ಮಾತು ಏಳುತ್ತಿತ್ತು. ಗೇಣು ಆಚೆ ಗೇಣು ಈಚೆ ಎಂಬ ಲೆಕ್ಕ ಇನ್ನು ನಡೆಯುವುದಿಲ್ಲವೆಂದು ಅರ್ಜಿ ಕೊಟ್ಟರು. ಸರ್ವೆಯವರು 33 ಅಡಿಯ ಸರಪಳಿ ಹಿಡಿದು ಬಂದರು. ನಕಾಶೆಯಲ್ಲಿದ್ದ ಬಾಂದುಕಲ್ಲು ನೆಲದ ಮೇಲಿರಲಿಲ್ಲ. ಪೊದೆ ಸವರಿದರು, ಹುತ್ತ ಕೆದಕಿದರು. ಮಧ್ಯಾಹ್ನ ಊಟಕ್ಕೆ ಕೈ ತೊಳೆಯಲು ಹೋದ ಸರ್ವೆಯವರ ಸಹಾಯಕನಿಗೆ ಅದು ಕೆಳಮನೆಯ ಬಚ್ಚಲ ಹಿಂದೆ, ಬಟ್ಟೆ ಒಗೆಯುವ ಕಲ್ಲಿನ ಅಡಿಗೆ ಆಸರೆಯಾಗಿ ಕಂಡಿತು. ‘ಇದು ನಮ್ಮ ಅಜ್ಜಿ ಕಾಲದಿಂದ ಇಲ್ಲೇ ಇದೆ’ ಎಂದರು ಕೆಳಮನೆ ಅತ್ತೆ. ‘ಹಾಗಾದರೆ ಗಡಿಯೂ ಇಲ್ಲೇ ಇದೆ’ ಎಂದರು ಅಪ್ಪಯ್ಯ. ಊಟ ಆದ ಮೇಲೆ ಅಳೆದು, ಎಲ್ಲರೂ ಸ್ವಲ್ಪ ಸ್ವಲ್ಪ ಮುಖ ಗಂಟಿಕ್ಕುವ ಕಡೆ ಗೆರೆ ಎಳೆದರು. ಅಳತೆ ಸರಿಯಾಗಿದೆ ಎಂಬುದಕ್ಕೆ ಅದೇ ಗುರುತು.

ಕಲ್ಲುಕಂಬ ಬಯಲುಸೀಮೆಯಿಂದ ಲಾರಿಯಲ್ಲಿ ಬಂತು. ಏಳಡಿಯ ಕಂಬ, ಎರಡಡಿ ನೆಲದೊಳಗೆ, ಹತ್ತಡಿಗೊಂದು. ಮೂಲೆಯ ಕಂಬಕ್ಕೆ ಎರಡೂ ಕಡೆಯಿಂದ ಓರೆಯಾಗಿ ಸಪೋರ್ಟ್ ಕಲ್ಲು. ತಂತಿಯ ಸುರುಳಿಗೆ ಹಾರೆ ತೂರಿಸಿ ಇಬ್ಬರು ಹೆಗಲ ಮೇಲೆ ಹೊತ್ತು ಬಿಚ್ಚುತ್ತ ನಡೆದರು. ಹಿಂದಿನಿಂದ ಒಬ್ಬ ಗೋಣಿತಾಟು ಸುತ್ತಿದ ಕೈಯಲ್ಲಿ ಎಳೆದು, ಕಂಬಕ್ಕೆ ಹಾರೆ ಮೀಟಿ ಬಿಗಿದು, ಕಟ್ಟುತಂತಿಯಲ್ಲಿ ಗಂಟು ಹಾಕುತ್ತ ಬಂದ. ಬಿಗಿದ ತಂತಿಯನ್ನು ಬೆರಳಲ್ಲಿ ಮೀಟಿದರೆ ಟಿಂಯ್ ಎಂದು ನಾಲ್ಕು ಕಂಬದ ಆಚೆಗೂ ಕೇಳುತ್ತಿತ್ತು. ಲೆಕ್ಕ ಹಾಕುವವರಿಗೆ ಇದು ಒಳ್ಳೆಯ ಲೆಕ್ಕ. ಚೌಕಾಗಿರುವ ಒಂದು ಎಕರೆಗೆ ಸುತ್ತಳತೆ ಸುಮಾರು 835 ಅಡಿ. ಐದು ಸಾಲು ಎಳೆದರೆ 4,175 ಅಡಿ, ಅಂದರೆ ಒಂದೂಕಾಲು ಕಿಲೋಮೀಟರಿಗೂ ತುಸು ಹೆಚ್ಚು. ನಾಲ್ಕು ಅಂಗುಲಕ್ಕೊಂದು ಗಂಟು, ಗಂಟಿಗೆ ನಾಲ್ಕು ಮೊನೆ ಎಂದು ಹಿಡಿದರೆ 50,100 ಮುಳ್ಳು. ಒಂದು ಹಸುವಿಗೆ ಇಷ್ಟು ಸಾಕು ಎಂದು ಅಪ್ಪಯ್ಯ ಅಂದುಕೊಂಡರು.

ಮೊದಲ ತಿಂಗಳಲ್ಲಿ ಮುಳ್ಳು ತಾಗಿದವರ ಹೆಸರು ಹೇಳುತ್ತೇನೆ. ಅಪ್ಪಯ್ಯನ ಅಂಗೈ ಮತ್ತು ಪಂಚೆ. ಅಮ್ಮನ ಸೆರಗು. ಕೊನೆಗಾರನ ಮೊಣಕೈ. ನನ್ನ ಬೆನ್ನು, ಎರಡು ಸಾಲಿನ ನಡುವೆ ನುಸುಳುವಾಗ. ಕಾಗದ ಕೊಡಲು ಒಳದಾರಿಯಲ್ಲಿ ಬಂದ ಅಂಚೆಯವನ ಖಾಕಿ ಚಡ್ಡಿ. ಕೆಳಮನೆಯ ನಾಯಿ. ಮುಳ್ಳುತಂತಿ ಬಟ್ಟೆಯನ್ನು ಹರಿಯುವುದರಲ್ಲಿ ಒಂದು ಶಿಸ್ತಿದೆ. ನೆಟ್ಟಗೆ ಸೀಳುವುದಿಲ್ಲ, ಮೊದಲು ಅಡ್ಡಕ್ಕೆ ಹೋಗಿ, ಆಮೇಲೆ ಕೆಳಕ್ಕೆ ಇಳಿದು, ಮೂಲೆಯೊಂದು ಜೋತುಬೀಳುವ ಹಾಗೆ ಹರಿಯುತ್ತದೆ. ಊರಿನಲ್ಲಿ ಅಂಥ ಮೂಲೆ ಜೋತ ಪಂಚೆ ಉಟ್ಟವರನ್ನು ಕಂಡರೆ ಹೊಸ ಬೇಲಿ ಹಾಕಿಸಿದವರೆಂದು ತಿಳಿಯುತ್ತಿತ್ತು. ಆಸ್ಪತ್ರೆಯ ಕಾಂಪೌಂಡರಿಗೆ ನಮ್ಮನ್ನು ಕಂಡರೆ ಸೂಜಿ ಕುದಿಯಲು ಇಡುವಷ್ಟು ರೂಢಿಯಾಯಿತು. ‘ತಂತಿಯಾ?’ ಎಂದು ಕೇಳಿ, ಉತ್ತರಕ್ಕೆ ಕಾಯದೆ ಟಿ.ಟಿ. ಚುಚ್ಚುತ್ತಿದ್ದರು. ಧನುರ್ವಾಯುವಿನ ಭಯದಿಂದ ಊರಿಗೆ ಊರೇ ರಕ್ಷಣೆ ಪಡೆದದ್ದು ಮುಳ್ಳುತಂತಿಯ ನಿಜವಾದ ಉಪಕಾರ. ಈ ಪಟ್ಟಿಯಲ್ಲಿ ಇಲ್ಲದ ಹೆಸರು ಗೌರಿಯದು.

ಅದು ಬೇಲಿಯನ್ನು ಕೆಲವು ದಿನ ಓದಿತು. ಆಮೇಲೆ, ನೆಲ ತುಸು ತಗ್ಗಾಗಿದ್ದ ಒಂದು ಕಡೆ, ಎರಡನೆಯ ಸಾಲಿನ ಅಡಿಗೆ ಕೊರಳು ತೂರಿಸಿ, ತೊಗಲು ದಪ್ಪವಿರುವ ಹೆಗಲಿನಿಂದ ಮೆಲ್ಲಗೆ ಮೇಲಕ್ಕೆ ಒತ್ತಿ, ಮಂಡಿ ಮಡಚಿ ಆಚೆಗೆ ಹೋಯಿತು. ನಮಗೆ ಗೊತ್ತಾದದ್ದು ತಂತಿಯ ಮೇಲಿನ ಕೂದಲಿನಿಂದ. ಆ ತಂತಿ ಊರಿನ ಹಾಜರಿ ಪುಸ್ತಕವಾಗಿತ್ತು. ಕೆಂಚುಕೂದಲು ಸಿಕ್ಕರೆ ಗೌರಿ, ಕರಿ ಒರಟು ಕೂದಲಾದರೆ ಕೆಳಮನೆಯ ಎಮ್ಮೆ, ಬೂದು ಬಿರುಗೂದಲಾದರೆ ರಾತ್ರಿ ಬಂದ ಹಂದಿ, ಹಸಿರು ನೂಲಾದರೆ ಕರಿಬೇವಿಗೆ ಬಂದ ಅತ್ತೆಯ ಸೀರೆ. ಮಾವ ಬೆಳಗ್ಗೆ ಬಂದು ಕೂದಲು ಕೈಯಲ್ಲಿ ಹಿಡಿದು ತೋರಿಸುತ್ತಿದ್ದರು. ಮೊದಲೆಲ್ಲ ಬಾಯಿಮಾತಿನ ದೂರು, ಈಗ ಸಾಕ್ಷಿ ಸಮೇತ.

ಒಂದು ಮಳೆಗಾಲದಲ್ಲಿ ಗೌರಿ ಕೊಟ್ಟಿಗೆಗೆ ಬಂದದ್ದು ಹೊತ್ತು ಮೀರಿ. ನೆಲ ಜಾರಿ ಅದರ ಲೆಕ್ಕ ತಪ್ಪಿತ್ತು. ಕೆಚ್ಚಲಿನ ಪಕ್ಕದಲ್ಲಿ ಸೀಳಿತ್ತು, ಒಂದು ಮೊಲೆಯ ಬುಡದವರೆಗೆ. ಅಮ್ಮ ಬಿಸಿನೀರಿನಲ್ಲಿ ತೊಳೆದು ಅರಿಶಿನ, ಕೊಬ್ಬರಿ ಎಣ್ಣೆ ಹಚ್ಚಿದರು. ನೊಣ ಕೂರದಿರಲೆಂದು ನಾವು ಸರದಿಯಲ್ಲಿ ಸೊಪ್ಪು ಬೀಸುತ್ತ ಕೂತೆವು. ಕರು ಹತ್ತಿರ ಬಂದರೆ ಅದು ಕಾಲೆತ್ತುತ್ತಿತ್ತು, ಮತ್ತೆ ಕರುವನ್ನು ನೆಕ್ಕುತ್ತಿತ್ತು. ಗಾಯ ಮಾಯಿತು, ಆ ಮೊಲೆಯಲ್ಲಿ ಹಾಲು ಮತ್ತೆ ಬರಲಿಲ್ಲ.

ಅದಾದ ಮೇಲೆ ಒಂದು ದಿನ ಅಪ್ಪಯ್ಯ ಯಾರಿಗೂ ಹೇಳದೆ ಹಳೆಯ ಗೋಣಿಚೀಲ, ಕಟ್ಟುತಂತಿ ತೆಗೆದುಕೊಂಡು ಹೋದರು. ನಾನು ಹಿಂದಿನಿಂದ ಹೋಗಿ ನೋಡಿದೆ. ಗೌರಿ ದಾಟುವ ತಗ್ಗಿನಲ್ಲಿ, ಕೆಳಗಿನ ಎರಡು ಸಾಲಿಗೂ, ಒಂದು ಮಾರಿನಷ್ಟು ಉದ್ದಕ್ಕೆ ಗೋಣಿ ಸುತ್ತಿ, ಒಂದು ಮೊನೆಯೂ ಹೊರಗೆ ಕಾಣದ ಹಾಗೆ ಬಿಗಿಯುತ್ತಿದ್ದರು. ಸುತ್ತಿದ ಮೇಲೆ ಅಂಗೈಯಿಂದ ಒತ್ತಿ ಒತ್ತಿ ನೋಡಿದರು. ಐವತ್ತು ಸಾವಿರ ಮುಳ್ಳಿಗೆ ಸಾಲ ಮಾಡಿದ ಮನುಷ್ಯ, ಅದರಲ್ಲಿ ನೂರನಲವತ್ತೋ ನೂರೈವತ್ತೋ ಮುಳ್ಳಿಗೆ ಬಟ್ಟೆ ತೊಡಿಸಿ ಮನೆಗೆ ಬಂದು ಕವಳ ಹಾಕಿ ಕೂತರು. ಕೆಳಮನೆ ಮಾವ ಅದನ್ನು ಕಾಣಲಿಲ್ಲವೆನ್ನುವಂತಿಲ್ಲ; ಬೆಳಗ್ಗೆ ಎದ್ದರೆ ಅವರು ಮೊದಲು ನೋಡುವುದೇ ಆ ಜಾಗವನ್ನು. ಅವರು ಏನೂ ಹೇಳಲಿಲ್ಲ. ಆ ವರ್ಷ ಅವರು ಬಾಳೆಯನ್ನು ತೋಟದ ಇನ್ನೊಂದು ತುದಿಗೆ ನೆಟ್ಟರು.

ತಂತಿಯ ಪರವಾಗಿಯೂ ಮಾತಾಡಬೇಕು. ಬೇಲಿ ಕಟ್ಟಲು ಆಳು ಸಿಗದ ಕಾಲ ಬಂದಿತ್ತು, ಬೇಣದಲ್ಲಿ ಮುಳ್ಳೂ ಸಿಗುತ್ತಿರಲಿಲ್ಲ. ತಂತಿ ಒಮ್ಮೆ ಎಳೆದರೆ ಅದರ ಪಾಡಿಗೆ ಅದು ಇರುತ್ತದೆ. ಎಳೆಯ ಸಸಿಗಳು ಮೇಲೆ ಬಂದವು, ಎಮ್ಮೆಗಳು ಹೆದರಿದವು, ಗಡಿಯ ಜಗಳ ನಿಂತಿತು. ಅಮ್ಮನಿಗೆ ಕ್ಲಿಪ್ಪು ಹಾಕದೆ ಬಟ್ಟೆ ಒಣಗಿಸುವ ಸೌಕರ್ಯ ಸಿಕ್ಕಿತು. ಎಂಥ ಗಾಳಿಗೂ ಟವೆಲ್ ಹಾರುತ್ತಿರಲಿಲ್ಲ, ತೂತು ಬಿದ್ದ ಟವೆಲ್ ಬೇಗ ಒಣಗುತ್ತಿತ್ತು ಕೂಡ. ಬೇಲಿಯಂಚಿನ ಹಾಲವಾಣದ ಮರಗಳಿಗೂ ತಂತಿ ಹೊಡೆದಿದ್ದರು. ಮರ ದಪ್ಪವಾಗುತ್ತ ಎರಡು ತುಟಿಗಳ ನಡುವೆ ಕಚ್ಚಿಕೊಂಡು ತಂತಿಯನ್ನು ಒಳಗೆ ತೆಗೆದುಕೊಂಡಿತು. ಈಗ ನೋಡಿದರೆ ತಂತಿ ಒಂದು ಬದಿಯಿಂದ ಮರದೊಳಗೆ ಹೋಗಿ ಇನ್ನೊಂದು ಬದಿಯಲ್ಲಿ ಹೊರಡುತ್ತದೆ, ನಡುವಿನ ಮುಳ್ಳು ಏನಾಯಿತೆಂದು ಮರವನ್ನೇ ಕೇಳಬೇಕು. ಗಿಡದ ಬೇಲಿ ಹೀಗೆ ಒಂದು ಮಟ್ಟಿಗೆ ಸೇಡು ತೀರಿಸಿಕೊಂಡಿದೆ.

ಆದರೆ ಅದನ್ನು ಯಾರಿಗಾಗಿ ಹಾಕಿದ್ದೆವೋ ಅವರನ್ನು ಅದು ತಡೆದದ್ದು ಕಡಿಮೆ. ಮಂಗ ಮೇಲಿನಿಂದ ಬರುತ್ತದೆ, ಹಂದಿ ಅಡಿಯಿಂದ ಬರುತ್ತದೆ, ಮುಳ್ಳುಹಂದಿಗೆ ನಮ್ಮ ಮುಳ್ಳು ನೋಡಿದರೆ ನಗು ಬರಬೇಕು. ಸಿಕ್ಕಿಬೀಳುವುದು ಹಣ್ಣಿಗೆ ಬಂದ ಬಾವಲಿ. ರೆಕ್ಕೆಯ ತೆಳು ಚರ್ಮ ಮೊನೆಗೆ ಸಿಕ್ಕಿ, ಬಿಡಿಸಿಕೊಳ್ಳಲು ಸುತ್ತಿದಷ್ಟೂ ಇನ್ನಷ್ಟು ಸಿಕ್ಕಿ, ಬೆಳಗಾಗುವಷ್ಟರಲ್ಲಿ ಸುಮ್ಮನಾಗಿರುತ್ತದೆ. ಕಾಡಿನಂಚಿನವರು ಈಗ ‘ಐಬೆಕ್ಸ್’ ಎನ್ನುವ ವಿದ್ಯುತ್ ಬೇಲಿಗೆ ಹೋಗಿದ್ದಾರೆ. ಆನೆ ಅದರ ಮೇಲೆ ಮರ ಕೆಡವಿ ದಾಟುವುದನ್ನು ಕಲಿತಿದೆ. ಅದಕ್ಕೆ ರೈಲುಕಂಬಿಯ ಬೇಲಿ ಬಂದಿದೆ. ಗೌರಿಯ ಜಾತಿಯವರು ಎಲ್ಲ ಗಾತ್ರದಲ್ಲೂ ಇದ್ದಾರೆ.

ತಂತಿ ಬಂದ ಮೇಲೆ ಮಾತು ಕಡಿಮೆಯಾಯಿತು ಎಂದು ಊರಿನ ಹಿರಿಯರು ಹೇಳುತ್ತಾರೆ. ವರ್ಷಕ್ಕೊಮ್ಮೆ ಬೇಲಿ ಕಟ್ಟುವ ನೆಪದಲ್ಲಿ ಎರಡು ಮನೆಯವರು ಇಡೀ ದಿನ ಒಂದೇ ಗೆರೆಯ ಮೇಲೆ ನಿಲ್ಲುತ್ತಿದ್ದದ್ದು ನಿಂತಿತು, ನಿಜ. ಆದರೆ ಮಾತು ಪೂರಾ ನಿಲ್ಲಲು ತಂತಿಯೇ ಬಿಡಲಿಲ್ಲ. ಅಮೆರಿಕದ ಪಶ್ಚಿಮದ ಹಳ್ಳಿಗಳಲ್ಲಿ ಟೆಲಿಫೋನ್ ಕಂಪನಿ ತಂತಿ ಎಳೆಯಲು ಬಾರದಿದ್ದಾಗ ರೈತರು ಇದೇ ಮುಳ್ಳುತಂತಿಗೆ ಫೋನು ಜೋಡಿಸಿ ಮಾತಾಡುತ್ತಿದ್ದರಂತೆ. ಒಬ್ಬರ ಮನೆಗೆ ಕರೆ ಮಾಡಿದರೆ ಬೇಲಿಯುದ್ದಕ್ಕೂ ಎಲ್ಲರ ಮನೆಯಲ್ಲೂ ಗಂಟೆ ಹೊಡೆಯುತ್ತಿತ್ತು, ಎಲ್ಲರೂ ಎತ್ತಿ ಕೇಳುತ್ತಿದ್ದರು. ನಮ್ಮ ಅಮ್ಮ ಮತ್ತು ಕೆಳಮನೆ ಅತ್ತೆಗೆ ಫೋನಿನ ಅಗತ್ಯವೂ ಇರಲಿಲ್ಲ. ಒಬ್ಬರು ಬಟ್ಟೆ ಹರವಲು ಬಂದರೆ ತಂತಿ ಅಲುಗಿ ಟಿಂಯ್ ಎನ್ನುತ್ತಿತ್ತು. ಇನ್ನೊಬ್ಬರು ಸೌಟು ಕೈಯಲ್ಲಿ ಹಿಡಿದೇ ಹೊರಗೆ ಬರುತ್ತಿದ್ದರು.

ಮುಳ್ಳುತಂತಿಯಲ್ಲಿ ಒಂದು ವಿಶೇಷವಿದೆ. ಅದನ್ನು ಮೈಗೆ ಗೀರದೆ ಒಬ್ಬರೇ ದಾಟುವುದು ಕಷ್ಟ, ಇಬ್ಬರಿದ್ದರೆ ಸುಲಭ. ಒಬ್ಬರು ಕೆಳಗಿನ ಸಾಲನ್ನು ಕಾಲಲ್ಲಿ ಮೆಟ್ಟಿ, ಮೇಲಿನ ಸಾಲನ್ನು ಮುಳ್ಳಿಲ್ಲದ ಕಡೆ ಎರಡು ಬೆರಳಲ್ಲಿ ಹಿಡಿದು ಎತ್ತಬೇಕು. ಇನ್ನೊಬ್ಬರು ತಲೆ ಬಗ್ಗಿಸಿ ನುಸುಳಬೇಕು. ಆಚೆಗೆ ಹೋದವರು ತಿರುಗಿ ನಿಂತು ಈಚೆಯವರಿಗೆ ಹಾಗೆಯೇ ಹಿಡಿಯಬೇಕು. ಅಪ್ಪಯ್ಯನೂ ಮಾವನೂ ಸಾಯಂಕಾಲ ಸೊಸೈಟಿಯ ಕಡೆ ಹೊರಟರೆ ಇದೇ ದಾರಿ. ಮಾವ ತಂತಿ ಎತ್ತುತ್ತ, ‘ಬಗ್ಗಿ ಭಾವ, ಇನ್ನೂ ಬಗ್ಗಿ, ಸಾಲಕ್ಕೆ ಹೋದಾಗ ಬಗ್ಗಿದ್ರಲ್ಲ ಅಷ್ಟು’ ಎನ್ನುತ್ತಿದ್ದರು. ಅಪ್ಪಯ್ಯ ಆಚೆಗೆ ಹೋಗಿ ನಿಂತು, ಅವರು ಅರ್ಧ ನುಸುಳಿದಾಗ ತಂತಿಯನ್ನು ತುಸು ಸಡಿಲಿಸಿ, ಬಾಳೆಯ ಪರಿಹಾರದ ಮೊತ್ತವನ್ನು ಆಗಲೇ ಮಾತಾಡಿ ಮುಗಿಸುತ್ತಿದ್ದರು.

ಆ ಇಬ್ಬರೂ ಈಗಿಲ್ಲ, ಗೌರಿಯೂ ಇಲ್ಲ. ಅದರ ಮೊಮ್ಮಗಳಿಗೆ ನಮ್ಮ ಕೊಟ್ಟಿಗೆಯಲ್ಲೇ ಮೇವು ಸಿಗುತ್ತದೆ, ಹೊರಗೆ ಹೋಗುವ ಚಟವಿಲ್ಲ. ಊರಿನಲ್ಲಿ ಹಟ್ಟಿ ಖಾಲಿಯಾಗುತ್ತ ಬಂದಿವೆ, ಬೇಲಿ ಗಟ್ಟಿಯಾಗುತ್ತ ಬಂದಿವೆ. ದನ ಮೇಯುತ್ತಿದ್ದ ಬೇಣಗಳಿಗೆ ಪೇಟೆಯವರು ಬಂದು ತಂತಿ ಎಳೆದು, ಗೇಟಿಗೆ ಬೀಗ ಹಾಕಿ, ಕ್ಯಾಮೆರಾ ಕೂರಿಸಿ ಹೋಗಿದ್ದಾರೆ. ಒಳಗೆ ಬೆಳೆಯೂ ಇಲ್ಲ, ಹೊರಗೆ ದನವೂ ಇಲ್ಲ. ಅಲ್ಲಿ ಬೇಲಿ ಕಾಯುತ್ತಿರುವುದು ನೆಲದ ಬೆಲೆಯನ್ನು. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ಗಾದೆ ಈಗ ಯಾರಿಗೂ ವಿಚಿತ್ರವೆನಿಸುವುದಿಲ್ಲ.

ನಮ್ಮ ತಂತಿಗೂ ತುಕ್ಕು ಹಿಡಿದು, ಮುಟ್ಟಿದರೆ ಪುಡಿ ಉದುರುತ್ತಿದೆ. ಕೆಳಮನೆ ಮಾವನ ಮಗ ಬೆಂಗಳೂರಿನಿಂದ ಊರಿಗೆ ಬಂದವನು, ಈ ಸಲ ಚೈನ್‌ಲಿಂಕ್ ಬಲೆ ಹಾಕಿಸೋಣ, ಖರ್ಚು ಅರ್ಧರ್ಧ ಎಂದ. ಬಲೆಯಲ್ಲಿ ಇಲಿಯೂ ನುಸುಳುವುದಿಲ್ಲ ಎಂದು ಮೊಬೈಲಿನಲ್ಲಿ ಫೋಟೋ ತೋರಿಸಿದ. ಇಬ್ಬರೂ ಟೇಪು ಹಿಡಿದು ಗಡಿಯುದ್ದಕ್ಕೂ ನಡೆದೆವು. ಮೊದಲ ಮೂಲೆಯಲ್ಲೇ ಕಂಬ ಅರ್ಧ ಅಡಿ ನಮ್ಮ ಕಡೆ ವಾಲಿದೆಯೋ ಅವರ ಕಡೆ ವಾಲಿದೆಯೋ ಎಂಬ ಚರ್ಚೆ ಶುರುವಾಗಿ, ಅಜ್ಜಂದಿರ ಕಾಲಕ್ಕೆ ಹೋಗಿ, ಬಟ್ಟೆ ಒಗೆಯುವ ಕಲ್ಲಿನವರೆಗೆ ಬಂತು. ಮಾತು ಬಿಸಿಯಾಗುತ್ತ ಆ ತಗ್ಗಿನ ಹತ್ತಿರ ಬಂದೆವು. ಅವನು ನಿಂತ, ನಾನೂ ನಿಂತೆ.

‘ಇಲ್ಲಿ ಮಾತ್ರ ಬಲೆ ಬೇಡ, ಒಂದು ಸಣ್ಣ ಗೇಟು ಇರ್ಲಿ’ ಎಂದ.

ನಾನು ಹೂಂ ಎಂದೆ. ಬೇಲಿ ಎಲ್ಲಿ ಬರಬೇಕೆಂಬುದರ ಮೇಲೆ ಮೂರು ತಲೆಮಾರು ಜಗಳವಾಡಿದ್ದೇವೆ. ಕಂಡಿ ಎಲ್ಲಿರಬೇಕೆಂಬುದರಲ್ಲಿ ಒಂದು ದಿನವೂ ಭಿನ್ನಾಭಿಪ್ರಾಯ ಬಂದದ್ದಿಲ್ಲ. ಗೇಟು ಯಾರ ಕಡೆಗೆ ತೆರೆಯಬೇಕು ಎಂಬುದಷ್ಟೇ ಇನ್ನೂ ಇತ್ಯರ್ಥವಾಗಬೇಕು. ಅದಕ್ಕೆ ಅವನು ಮುಂದಿನ ಹಬ್ಬಕ್ಕೆ ಊರಿಗೆ ಬರಬೇಕು.